ಬೇರೆಯಾಗಲು ಒಪ್ಪದ ಮಕ್ಕಳು

ದೇವರು ನಮಗೆ ಸಮಾಧಾನದ ಸೇವೆಯನ್ನು ಒಪ್ಪಿಸಿದ್ದಾನೆ ಅಂತ ಎರಡನೇ ಕೊರಿಂಥ 5:18ರಲ್ಲಿ ಓದುತ್ತೇವೆ. ಜನ ಒಬ್ಬರನ್ನೊಬ್ಬರು ಕೊಂದ ದೇಶದಲ್ಲಿ ಆ ಸೇವೆ ಎಲ್ಲಿಂದ ಶುರುವಾಗಬೇಕು? ಶಾಲೆಯನ್ನು ಬಿಟ್ಟು ಆಗಲ್ಲ ಅಂತ ಇವತ್ತು ನೋಡೋಣ.

ಆಫ್ರಿಕಾದ ರುವಾಂಡಾ. 1994ರಲ್ಲಿ ಸುಮಾರು 100 ದಿನಗಳಲ್ಲಿ ಅಲ್ಲಿ ಲಕ್ಷಗಟ್ಟಲೆ ಟುಟ್ಸಿಗಳನ್ನು ಕೊಂದರು. ಕೊಲೆಗೆ ವಿರುದ್ಧ ನಿಂತ ಹುಟುಗಳನ್ನೂ ಬಿಡಲಿಲ್ಲ. ಕೊಂದವರು ಓದದವರು ಅಂದ್ಕೋಬೇಡಿ. ಅವರಲ್ಲಿ ಶಿಕ್ಷಕರಿದ್ದರು, ಡಾಕ್ಟರುಗಳಿದ್ದರು. ಪ್ರಿಯರೇ, ಪಾಸ್ಟರುಗಳೂ ಪಾದ್ರಿಗಳೂ ಇದ್ದರು. ಅದು ಬಹುಪಾಲು ಕ್ರೈಸ್ತರ ದೇಶ. ನ್ಯಾಮಾಟಾದ ಚರ್ಚಿನಲ್ಲಿ ಆಶ್ರಯ ಪಡೆದವರನ್ನು ಅಲ್ಲೇ ಕೊಂದರು.

ದ್ವೇಷದ ಬೀಜ ಕ್ಲಾಸಿನಲ್ಲೂ ಬಿದ್ದಿತ್ತು. ಬೆಲ್ಜಿಯಂ ಆಡಳಿತ 1930ರ ದಶಕದಲ್ಲಿ ಗುರುತಿನ ಚೀಟಿಯಲ್ಲಿ ಹುಟು, ಟುಟ್ಸಿ ಅಂತ ಬರೆಸಿತು. ಸ್ವಾತಂತ್ರ್ಯ ಬಂದಮೇಲೂ ಶಾಲೆಗಳಲ್ಲಿ ಮಕ್ಕಳನ್ನು ಗುಂಪು ಗುಂಪಾಗಿ ಎದ್ದು ನಿಲ್ಲಿಸಿ ಎಣಿಸುತ್ತಿದ್ದರು. ಚರಿತ್ರೆಯ ಪಾಠದಲ್ಲಿ ಟುಟ್ಸಿಗಳು ಹೊರಗಿನಿಂದ ಬಂದವರು ಅಂತ ಕಲಿಸುತ್ತಿದ್ದರು. ನೋಡಿ, ವಿದ್ಯೆ ತಾನಾಗಿಯೇ ಸಮಾಧಾನ ತರಲ್ಲ. ಏನು ಕಲಿಸ್ತೀವಿ ಅನ್ನೋದು ಮುಖ್ಯ.

1994ರ ನಂತರ ಹೊಸ ಸರ್ಕಾರ ಚೀಟಿಯಿಂದ ಆ ಗುರುತನ್ನು ತೆಗೆಯಿತು. ಚರಿತ್ರೆಯ ಪಾಠವನ್ನೇ ಕೆಲವು ವರ್ಷ ನಿಲ್ಲಿಸಿತು. ಸುಳ್ಳು ಪಾಠ ನಿಲ್ಲಿಸಿದ್ದು ಸರಿಯೇ. ಆದರೆ ಮೌನವೇ ಸಮಾಧಾನ ಅಲ್ಲ. ನಡೆದದ್ದನ್ನು ಮಕ್ಕಳಿಗೆ ಸತ್ಯವಾಗಿ ಹೇಳಲೇಬೇಕು.

ಈಗ 1997ರ ಮಾರ್ಚ್ 18ರ ರಾತ್ರಿಗೆ ಬನ್ನಿ. ನ್ಯಾಂಗೆ ಅನ್ನೋ ಊರಿನ ಪ್ರೌಢಶಾಲೆಗೆ ಬಂದೂಕುಧಾರಿಗಳು ನುಗ್ಗಿದರು. ಹುಟುಗಳು ಒಂದು ಕಡೆ, ಟುಟ್ಸಿಗಳು ಒಂದು ಕಡೆ ನಿಲ್ಲಬೇಕು ಅಂತ ಆಜ್ಞೆ ಮಾಡಿದರು. ಹಿಂದೆ ಶಾಲೆಯೇ ಕೇಳುತ್ತಿದ್ದ ಅದೇ ಪ್ರಶ್ನೆ! ಪಕ್ಕಕ್ಕೆ ಸರಿದು ಜೀವ ಉಳಿಸಿಕೊಳ್ಳುವ ದಾರಿ ಹುಟು ಮಕ್ಕಳ ಮುಂದಿತ್ತು. ಆದರೆ ವಿದ್ಯಾರ್ಥಿಗಳು ಬೇರೆಯಾಗಲು ಒಪ್ಪಲಿಲ್ಲ. ತಾವೆಲ್ಲರೂ ರುವಾಂಡಾದವರೇ ಅಂದರು. ಆರು ಮಂದಿ ಪ್ರಾಣ ಕೊಟ್ಟರು. ಆ ವಿದ್ಯಾರ್ಥಿಗಳನ್ನು ಇವತ್ತು ಅವರ ದೇಶ ವೀರರೆಂದು ಗೌರವಿಸುತ್ತದೆ.

ನಮ್ಮನ್ನು ಯಾರೂ ಬಂದೂಕು ಹಿಡಿದು ಕೇಳ್ತಿಲ್ಲ. ಆದರೆ ಪೀಜಿಯಲ್ಲಿ, ಆಫೀಸಿನಲ್ಲಿ ಹೆಸರು ಕೇಳಿದ ಮೇಲೆ ಮೆಲ್ಲಗೆ "ನೀವು ಯಾವ ಜನ?" ಅಂತ ಕೇಳ್ತೀವಲ್ಲ? ಸಂಡೇ ಸ್ಕೂಲ್ ಟೀಚರ್‌ಗಳೇ, ನಿಮ್ಮ ಬೆಂಚಿನ ಮಕ್ಕಳು ನಿಮ್ಮ ಬಾಯಿ ನೋಡ್ತಿದ್ದಾರೆ. ಈ ವಾರ ನಿಮ್ಮಿಂದ ಅವರು ಏನು ಕಲಿತರು? ಪ್ರಾರ್ಥನೆ ಮಾಡೋಣ. ಆಮೆನ್.