ಪಂಚಾಯತಿ ಆಸ್ತಿಗಳ ವಿದ್ಯುತ್ ಪರೀಕ್ಷೆ: ಸದಸ್ಯರು ತಿಳಿದಿರಬೇಕಾದ ಅಂಶಗಳು

ಸಂವಿಧಾನದ ಹನ್ನೊಂದನೇ ಅನುಸೂಚಿಯು ಕುಡಿಯುವ ನೀರು ಹಾಗೂ ಗ್ರಾಮೀಣ ವಿದ್ಯುದೀಕರಣ ಎರಡನ್ನೂ ಪಂಚಾಯತಿಗಳ ವಿಷಯಪಟ್ಟಿಯಲ್ಲಿ ಇರಿಸಿದೆ. ಕೊಳವೆಬಾವಿ, ಪಂಪ್‌ಹೌಸ್, ಬೀದಿದೀಪ, ಅಂಗನವಾಡಿ ಮತ್ತು ಪಂಚಾಯತಿ ಕಚೇರಿಗಳಲ್ಲಿ ಈ ಎರಡು ವಿಷಯಗಳು ಒಂದೆಡೆ ಸೇರುತ್ತವೆ. ಪಂಪ್‌ಹೌಸ್‌ನ ಕಬ್ಬಿಣದ ಪೆಟ್ಟಿಗೆಯನ್ನು ಪ್ರತಿದಿನ ಒದ್ದೆಗೈಯಲ್ಲಿ ಮುಟ್ಟುವವನು ನೀರುಗಂಟಿ; ಮಳೆಗಾಲದಲ್ಲಿ ಬೀದಿದೀಪದ ಕಂಬಕ್ಕೆ ತಾಗುವವರು ಮಕ್ಕಳು ಮತ್ತು ಜಾನುವಾರುಗಳು. ಆದುದರಿಂದ ದೀಪ ಉರಿಯಿತು, ಮೋಟಾರು ತಿರುಗಿತು ಎಂಬುದಷ್ಟೇ ಕಾಮಗಾರಿ ಪೂರ್ಣಗೊಂಡುದಕ್ಕೆ ಪುರಾವೆಯಾಗದು.

1. ಅರ್ಥಿಂಗ್ ಇದ್ದರೆ ಸಾಲದೆ, ಅಳೆಯುವುದೇಕೆ?

ಒಂದು ಪಂಪ್‌ಹೌಸ್‌ನ ಅರ್ಥಿಂಗ್ ರೋಧವು 20 ಓಮ್ ಇದೆಯೆಂದು ಭಾವಿಸೋಣ. 230 ವೋಲ್ಟ್ ತಂತಿಯೊಂದು ಪೆಟ್ಟಿಗೆಯ ಲೋಹಕ್ಕೆ ತಾಗಿದರೆ ಭೂಮಿಗೆ ಹರಿಯುವ ವಿದ್ಯುತ್ 230 ಭಾಗಿಸು 20, ಅಂದರೆ ಹೆಚ್ಚೆಂದರೆ 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿ ಇಷ್ಟಕ್ಕೆ ಬೀಳುವುದಿಲ್ಲ. ಪೆಟ್ಟಿಗೆಯಲ್ಲಿ ವಿದ್ಯುತ್ ಹಾಗೆಯೇ ಉಳಿಯುತ್ತದೆ. ಮುಟ್ಟಿದವರ ಪ್ರಾಣಕ್ಕೆ ಅಪಾಯವಾಗುತ್ತದೆ. ಹೀಗಾಗಿ ರೋಧವನ್ನು ಆದಷ್ಟು ಕಡಿಮೆ ಇರಿಸುವುದರ ಜೊತೆಗೆ 30 ಮಿಲಿಆಂಪಿಯರ್ ಸಾಮರ್ಥ್ಯದ ಆರ್‌ಸಿಸಿಬಿ ಅಳವಡಿಸುವುದು ಅವಶ್ಯಕ. ಅದರ ಪರೀಕ್ಷಾ ಗುಂಡಿಯನ್ನು ನಿಯತವಾಗಿ ಒತ್ತಿ ನೋಡಬೇಕು. ಒತ್ತಿದಾಗ ಬೀಳದ ಸಾಧನವನ್ನು ಬದಲಾಯಿಸಬೇಕು.

2. ಯಾವ ಕಾಲದಲ್ಲಿ ಅಳೆಯಬೇಕು?

ಮಾನ್ವಿ ಹಾಗೂ ದೇವದುರ್ಗ ತಾಲೂಕುಗಳ ಕಪ್ಪು ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಆಗ ಅರ್ಥಿಂಗ್ ಪೈಪಿಗೂ ಮಣ್ಣಿಗೂ ನಡುವೆ ಸಂದು ಉಂಟಾಗಿ ರೋಧ ಏರುತ್ತದೆ. ರಾಯಚೂರು ನಗರದ ಸುತ್ತಲಿನ ಬಂಡೆನೆಲದಲ್ಲಿ ಮಣ್ಣಿನ ಪದರವೇ ತೆಳುವಾದುದರಿಂದ ಒಂದು ಪೈಪು ಸಾಲದೆ, ಅಂತರ ಬಿಟ್ಟು ಎರಡು ಮೂರು ಪೈಪುಗಳನ್ನು ಜೋಡಿಸಬೇಕಾಗಬಹುದು. ಮಳೆಗಾಲದ ಅಥವಾ ಕಾಲುವೆ ನೀರು ಹರಿಯುವ ದಿನಗಳ ಅಳತೆ ನೆಲದ ಉತ್ತಮ ಸ್ಥಿತಿಯನ್ನಷ್ಟೇ ತೋರಿಸುತ್ತದೆ. ಏಪ್ರಿಲ್-ಮೇ ತಿಂಗಳ ಅಳತೆಯೇ ನಂಬಿಕೆಗೆ ಅರ್ಹ. ಮುಂಗಾರಿಗೆ ಮುನ್ನ ದೋಷ ಸರಿಪಡಿಸಲು ಅವಕಾಶವೂ ಆಗ ಸಿಗುತ್ತದೆ.

3. ಮೆಗ್ಗರ್ ಪರೀಕ್ಷೆ ಎಂದರೇನು?

ತಂತಿಯ ಹೊದಿಕೆ ಸುಸ್ಥಿತಿಯಲ್ಲಿದೆಯೇ ಎಂಬುದನ್ನು ಮೆಗ್ಗರ್ ತಿಳಿಸುತ್ತದೆ. ಸರಬರಾಜನ್ನು ಕಡಿತಗೊಳಿಸಿ, ತಂತಿ ಮತ್ತು ಅರ್ಥ್ ನಡುವೆ 500 ವೋಲ್ಟ್ ಡಿಸಿ ಒತ್ತಡವನ್ನು ಒಂದು ನಿಮಿಷ ನೀಡಿದಾಗ ಕನಿಷ್ಠ 1 ಮೆಗಾಓಮ್ ಬರಬೇಕು. ಸಬ್‌ಮರ್ಸಿಬಲ್ ಮೋಟಾರಿನ ಕೇಬಲನ್ನು ಪೆಟ್ಟಿಗೆಯಿಂದ ಬಿಡಿಸಿ ಹೀಗೆಯೇ ಅಳೆಯಬಹುದು. ವರ್ಷದಿಂದ ವರ್ಷಕ್ಕೆ ಅಂಕಿ ಇಳಿಯುತ್ತಿದ್ದರೆ ಮೋಟಾರು ಸುಡುವ ಮೊದಲೇ ಎಚ್ಚರಿಕೆ ದೊರೆತಂತೆ. ಬೇಸಿಗೆಯಲ್ಲಿ ಊರಿಗೆ ನೀರು ನಿಲ್ಲುವುದನ್ನು ಇದರಿಂದ ತಪ್ಪಿಸಬಹುದು.

4. ಕೆಲಸವನ್ನು ಯಾರಿಂದ ಮಾಡಿಸಬೇಕು?

ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳ ಸರಳ ಬದಲಾವಣೆಯನ್ನು ಹೊರತುಪಡಿಸಿ, ವೈರಿಂಗಿನ ಅಳವಡಿಕೆ, ವಿಸ್ತರಣೆ ಮತ್ತು ದುರಸ್ತಿಯನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದೆಂದು ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಹೇಳುತ್ತವೆ. ಐಟಿಐನಲ್ಲಿ ಎರಡು ವರ್ಷದ ಎಲೆಕ್ಟ್ರೀಷಿಯನ್ ತರಬೇತಿ ಮುಗಿಸಿದ ಊರಿನ ಯುವಕರು ಇದ್ದರೆ, ಅವರು ವೈರ್‌ಮನ್ ಪರ್ಮಿಟ್ ಪಡೆಯುವಂತೆ ಸದಸ್ಯರು ಪ್ರೋತ್ಸಾಹಿಸುವುದು ಉಚಿತ. ಇದರಿಂದ ಅವರಿಗೆ ಉದ್ಯೋಗವೂ ಗ್ರಾಮಕ್ಕೆ ಅರ್ಹ ಕೈಗಳೂ ದೊರೆಯುತ್ತವೆ.

ಜೆಸ್ಕಾಂ ಕಂಬ ಹಾಗೂ ಪರಿವರ್ತಕದ ಕೆಲಸ ಅದರ ಪವರ್‌ಮ್ಯಾನ್‌ಗಳಿಗೆ ಮಾತ್ರ ಸೇರಿದ್ದು. ದೀಪ ಆರಿತೆಂದು ನೀರುಗಂಟಿಯನ್ನು ಕಂಬ ಹತ್ತಲು ಕಳುಹಿಸುವ ರೂಢಿ ಎಲ್ಲಿಯೇ ಇರಲಿ, ಅದನ್ನು ಕೂಡಲೇ ನಿಲ್ಲಿಸಬೇಕು. ದೂರಿಗೆ 1912 ಸಂಖ್ಯೆಯನ್ನು ಬಳಸಬಹುದು.

5. ಟೆಸ್ಟರ್ ಬೆಳಗದಿದ್ದರೆ ವಿದ್ಯುತ್ ಇಲ್ಲವೆಂದು ತಿಳಿಯಬಹುದೇ?

ತಿಳಿಯಲಾಗದು. ಒಳಗಿನ ಪುಟ್ಟ ದೀಪ ಕೆಟ್ಟಿರಬಹುದು. ಬಿಸಿಲಿನಲ್ಲಿ ಅದರ ಬೆಳಕು ಕಾಣದಿರಬಹುದು. ಎರಡು ತುದಿಗಳ ವೋಲ್ಟ್‌ಮಾಪಕವನ್ನು ಮೊದಲು ವಿದ್ಯುತ್ ಇರುವುದು ಖಚಿತವಾದ ಕಡೆ ಹಿಡಿದು ನೋಡಿ, ಬಳಿಕ ಕೆಲಸದ ಜಾಗದಲ್ಲಿ ಪರೀಕ್ಷಿಸಿ, ಮತ್ತೆ ಮೊದಲ ಕಡೆ ಹಿಡಿದು ಖಾತರಿಪಡಿಸಿಕೊಳ್ಳಬೇಕು. ತೆಗೆದ ಫ್ಯೂಸ್ ಕೆಲಸಗಾರನ ಬಳಿಯಲ್ಲೇ ಇರಬೇಕು. ಬೇರೊಬ್ಬರು ತಿಳಿಯದೆ ಸ್ವಿಚ್ ಹಾಕುವುದನ್ನು ಇದು ತಡೆಯುತ್ತದೆ.

ಅವಘಡ ಸಂಭವಿಸಿದರೆ ಮೊದಲು ಸರಬರಾಜು ಕಡಿತಗೊಳಿಸಬೇಕು. ಅಲ್ಲಿಯವರೆಗೆ ವ್ಯಕ್ತಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಉಸಿರು ನಿಂತಿದ್ದರೆ ಎದೆಯೊತ್ತುವ ಪ್ರಥಮ ಚಿಕಿತ್ಸೆ ಆರಂಭಿಸಿ 108ಕ್ಕೆ ಕರೆ ಮಾಡಬೇಕು.

ಸಾಮಾನ್ಯ ಸಭೆಯಲ್ಲಿ ಕೈಗೊಳ್ಳಬಹುದಾದ ಕ್ರಮಗಳು

ಅ) ಪ್ರತಿ ಪಂಪ್‌ಹೌಸ್ ಮತ್ತು ಕಟ್ಟಡಕ್ಕೆ ಪರೀಕ್ಷಾ ವಹಿ ತೆರೆದು, ದಿನಾಂಕ, ಅರ್ಥಿಂಗ್ ಓಮ್, ಮೆಗ್ಗರ್ ಅಂಕಿ ಹಾಗೂ ಪರೀಕ್ಷಿಸಿದವರ ಪರ್ಮಿಟ್ ಸಂಖ್ಯೆಯನ್ನು ನಮೂದಿಸುವುದು.

ಆ) ಸಹಿ ಮಾಡಿದ ಪರೀಕ್ಷಾ ವರದಿಯಿಲ್ಲದೆ ವಿದ್ಯುತ್ ಕಾಮಗಾರಿಯ ಬಿಲ್ ಪಾವತಿಸದಿರುವುದು.

ಇ) ನೀರುಗಂಟಿಗೆ ರಬ್ಬರ್ ಕೈಗವಸು, ಒಣ ಮರದ ಹಲಗೆ ಮತ್ತು ರಬ್ಬರ್ ಮ್ಯಾಟ್ ಒದಗಿಸುವುದು.

ಈ ಕ್ರಮಗಳಿಗೆ ಆಗುವ ವೆಚ್ಚ ಅಲ್ಪ. ವಹಿಯಲ್ಲಿ ಅಂಕಿ ಖಾಲಿ ಇರುವ ಪಂಪ್‌ಹೌಸ್ ಯಾವುದೆಂದು ಮುಂದಿನ ಸಭೆಯಲ್ಲಿ ಒಬ್ಬ ಸದಸ್ಯರು ಕೇಳಿದರೂ ಕೆಲಸ ಆರಂಭವಾದಂತೆಯೇ.