ಲಾರಿಯ ದುಡ್ಡು ಬೇರೆ, ಆಸೆಯ ದುಡ್ಡು ಬೇರೆ

ಮನೆ ಬದಲಿಸಿದ ವರ್ಷ ಪ್ರವಾಸದ ಮಾತೆತ್ತುವ ಹಾಗಿಲ್ಲ. 'ಮುಂದಿನ ವರ್ಷ ನೋಡೋಣ' ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಆ ಮುಂದಿನ ವರ್ಷದ ದುಡ್ಡು ಮಕ್ಕಳ ಕಾಲೇಜು ಶುಲ್ಕಕ್ಕೋ ತೋಟದ ಪಂಪ್‌ಸೆಟ್‌ಗೋ ಹೋಗುತ್ತದೆ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. 2024ರ ನವೆಂಬರ್‌ನಲ್ಲಿ ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು, ವಯಸ್ಸಾದ ಅತ್ತೆ–ಮಾವನ ಜೊತೆಗಿರಲು ಕೊಡಗಿನ ಚೆಟ್ಟಳ್ಳಿಯ ತೋಟದ ಮನೆಗೆ ಬಂದೆವು. 2025ರ ಮಾರ್ಚ್‌ನಲ್ಲಿ ನಾನೂ ನನ್ನ ಯಜಮಾನರೂ ಉತ್ತರ ನಾರ್ವೆಯ ಟ್ರೊಮ್ಸೋಗೆ ಹೋಗಿ ಧ್ರುವಪ್ರಭೆ ನೋಡಿದೆವು. ಸ್ಥಳಾಂತರದಲ್ಲಿ ನೊಂದದ್ದು ಕಡಿಮೆಯಲ್ಲ. ಆದರೂ ಪ್ರವಾಸ ನಿಲ್ಲಲಿಲ್ಲ. ಎರಡರ ದುಡ್ಡೂ ಮೊದಲಿನಿಂದ ಬೇರೆ ಬೇರೆ ಕಡೆ ಇತ್ತು, ಕಾರಣ ಅಷ್ಟೇ.

ಪ್ರವಾಸಕ್ಕೆಂದು 2020ರ ಜನವರಿಯಲ್ಲಿ ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್‌ಡಿ ತೆರೆದಿದ್ದೆ. ತಿಂಗಳಿಗೆ 6,000 ರೂಪಾಯಿ, ಆಗಿನ ಬಡ್ಡಿ ಶೇ 7.2. ಅವಧಿ ಮುಗಿದಾಗ ಕೈಗೆ ಬಂದದ್ದು ಸುಮಾರು 4.34 ಲಕ್ಷ. ಸ್ಥಳಾಂತರಕ್ಕೆ ಬೇರೊಂದು ಉಳಿತಾಯ ಖಾತೆ. ಅದರಲ್ಲಿ ನಮ್ಮ ಅಂದಾಜಿನ ಒಂದೂವರೆ ಪಟ್ಟು ಇಟ್ಟಿದ್ದೆವು. ಆ ಅರ್ಧ ಪಟ್ಟು ಹೆಚ್ಚುವರಿ ಹಣವೇ ನಮ್ಮನ್ನು ಕಾಪಾಡಿತು.

ಮೊದಲ ಪೆಟ್ಟು ಬಿದ್ದದ್ದು ಅಡ್ವಾನ್ಸ್ ಹಣದಲ್ಲಿ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನ ಹಳೆಯ ರೂಢಿ. ನಾವು ಕೊಟ್ಟದ್ದು 3 ಲಕ್ಷ. ಶೇ 7ರ ಠೇವಣಿಯಲ್ಲಿ ಇಟ್ಟಿದ್ದರೆ ವರ್ಷಕ್ಕೆ 21,000 ರೂಪಾಯಿ ಬಡ್ಡಿ ತರುತ್ತಿದ್ದ ಹಣ ಅದು. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕಡಿತ ಎಂದು ಕರಾರಿನಲ್ಲಿತ್ತು, ಅದಕ್ಕೆ ನಮ್ಮ ತಕರಾರಿಲ್ಲ. ಬೀಗದ ಕೈ ಒಪ್ಪಿಸಿದ ಮೇಲೆ ಗೋಡೆಯ ಮೊಳೆ, ಅಡುಗೆಮನೆಯ ನಲ್ಲಿ ಎಂದು ಪಟ್ಟಿ ಬೆಳೆಯಿತು. 'ಮುಂದಿನ ಬಾಡಿಗೆದಾರರು ಅಡ್ವಾನ್ಸ್ ಕೊಟ್ಟಮೇಲೆ ನಿಮ್ಮದು ಕೊಡುತ್ತೇನೆ' ಎಂದರು ಮಾಲೀಕರು. ಬಾಡಿಗೆದಾರರ ಹಣವನ್ನು ಹೀಗೆ ಒಬ್ಬರಿಂದ ಇನ್ನೊಬ್ಬರಿಗೆ ತಿರುಗಿಸುವುದು ಅನ್ಯಾಯ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು ಎನ್ನುತ್ತದೆ. ಆದರೆ ಅದು ರಾಜ್ಯಗಳು ಅಳವಡಿಸಿಕೊಂಡರೆ ಮಾತ್ರ ಜಾರಿಗೆ ಬರುವ ಮಾದರಿ. ಅಲ್ಲಿಯವರೆಗೆ ನಮ್ಮ ರಕ್ಷಣೆ ನಮ್ಮ ಕರಾರುಪತ್ರದಲ್ಲೇ ಇದೆ. ಮನೆ ಖಾಲಿ ಮಾಡಿದ ಎಷ್ಟು ದಿನದೊಳಗೆ ಹಣ ಹಿಂತಿರುಗಿಸಬೇಕು, ಯಾವುದಕ್ಕೆ ಎಷ್ಟು ಕಡಿತ ಎಂಬುದನ್ನು ಮನೆ ಹಿಡಿಯುವಾಗಲೇ ಬರೆಸಿಕೊಳ್ಳಿ. ಒಳಬರುವ ದಿನವೂ ಹೊರಡುವ ದಿನವೂ ಪ್ರತಿ ಕೋಣೆಯ ವಿಡಿಯೊ ತೆಗೆದಿಡಿ. ನಾವು ತೆಗೆದಿಟ್ಟಿದ್ದರಿಂದಲೇ ಆ ಬೆಳೆದ ಪಟ್ಟಿ ಕರಗಿತು. ಹಾಗಿದ್ದೂ ಬಾಕಿ ಹಣ ಪೂರ್ತಿ ಕೈಸೇರಿದ್ದು ನಾವು ನಾರ್ವೆಯಿಂದ ಮರಳಿದ ಮೇಲೆ. ಪ್ರವಾಸಕ್ಕೆ ಆ ಹಣವನ್ನೇ ನಂಬಿದ್ದರೆ ಟಿಕೆಟ್ ಕೊಳ್ಳಲಾಗುತ್ತಿರಲಿಲ್ಲ.

ಎರಡನೆಯ ಪೆಟ್ಟು ಸಾಗಣೆಯದು. 34,000 ರೂಪಾಯಿಗೆ ಮಾತಾಗಿತ್ತು. ಸಾಗಣೆಯವರು ನಮಗೆ ತಿಳಿಸದೆ ಮೈಸೂರಿನಲ್ಲಿ ಸಾಮಾನನ್ನು ಬೇರೆ ಲಾರಿಗೆ ತುಂಬಿದರು. ಕುಶಾಲನಗರ ದಾಟಿದ ಮೇಲೆ, ಕಂಟೇನರ್ ಲಾರಿ ತೋಟದ ರಸ್ತೆಗೆ ಇಳಿಯುವುದಿಲ್ಲ, ಪಿಕಪ್‌ಗೆ ಇನ್ನೂ 9,000 ಕೊಡಿ, ಕೊಟ್ಟರೆ ಮಾತ್ರ ಇಳಿಸುತ್ತೇವೆ ಎಂದರು. ರಸ್ತೆಯ ಫೋಟೊವನ್ನು ಬುಕಿಂಗ್ ದಿನವೇ ಕಳಿಸಿದ್ದೆವು. ಕತ್ತಲಾದರೆ ಆ ದಾರಿಯಲ್ಲಿ ಆನೆ ಭಯ, ಯಾವ ಚಾಲಕನೂ ಬರಲಾರ. ಅದನ್ನು ತಿಳಿದೇ ಹೊತ್ತು ಕಳೆಯುತ್ತಿದ್ದರು. ಹಣ ಕೊಟ್ಟೆವು, 'ಆಕ್ಷೇಪವಿಟ್ಟು ಕೊಟ್ಟಿದ್ದೇವೆ' ಎಂದು ರಸೀದಿಯ ಮೇಲೆ ಬರೆಸಿದೆವು. ಇಳಿಸಿದಾಗ ಅತ್ತೆ ಕೊಟ್ಟಿದ್ದ ಬೀರುವಿನ ಕನ್ನಡಿ ಸೀಳಿತ್ತು, ವಾಷಿಂಗ್ ಮೆಷಿನ್ ನೆಗ್ಗಿತ್ತು. ಅಲ್ಲೇ ಫೋಟೊ ತೆಗೆದೆವು.

ಇಂಥ ಹೊತ್ತಿನಲ್ಲಿ ಕಾನೂನು ನಮ್ಮ ಕಡೆಗಿದೆ. ರಸ್ತೆ ಸಾಗಣೆಗೆ 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆ ಅನ್ವಯಿಸುತ್ತದೆ. ಸಾಮಾನಿನ ಮೌಲ್ಯವನ್ನು ಮೊದಲೇ ಬರೆದು ಘೋಷಿಸದಿದ್ದರೆ ಸಾಗಣೆದಾರರ ಹೊಣೆಗೆ ಮಿತಿ ಬೀಳುತ್ತದೆ, ಆದ್ದರಿಂದ ಬೆಲೆಬಾಳುವ ವಸ್ತುಗಳ ಪಟ್ಟಿಯನ್ನು ಮೌಲ್ಯದ ಸಮೇತ ಕೊಟ್ಟು ಸಹಿ ಹಾಕಿಸಿ. ನಷ್ಟವಾದರೆ ಬುಕಿಂಗ್ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. 'ಇನ್ಶೂರೆನ್ಸ್ ಸೇರಿದೆ' ಎಂದರೆ ವಿಮಾ ಕಂಪನಿಯ ಪಾಲಿಸಿ ಸಂಖ್ಯೆ ಕೇಳಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ. ನಾವು ನೋಟಿಸ್ ಕಳಿಸಿ ಸಹಾಯವಾಣಿಗೂ ದೂರಿತ್ತೆವು. 9,000 ರೂಪಾಯಿ ಮರಳಿ ಬಂತು, ಕನ್ನಡಿಯ ಹಣವೂ ಬಂತು.

ಕೊಡಗಿಗೆ ಮನೆ ಸಾಗಿಸುವವರಿಗೆ ಇನ್ನೊಂದು ಮಾತು. ಇಲ್ಲಿ ಎಲ್ಲಕ್ಕೂ ಕಾಫಿಯ ಪಂಚಾಂಗ. ನವೆಂಬರ್ ಕೊನೆಯಿಂದ ಅರೇಬಿಕಾ ಕುಯ್ಲು, ಅದರ ಬೆನ್ನಿಗೇ ರೊಬಸ್ಟಾ. ಆ ತಿಂಗಳುಗಳಲ್ಲಿ ಪಿಕಪ್‌ಗಳೆಲ್ಲ ಕಾಫಿ ಮೂಟೆ ಹೊರುತ್ತಿರುತ್ತವೆ, ಸಾಮಾನು ಇಳಿಸಲು ಆಳು ಸಿಗುವುದು ಕಷ್ಟ, ಸಿಕ್ಕರೂ ಕೂಲಿ ದುಬಾರಿ. ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ಜಿಲ್ಲಾಡಳಿತ ನಿರ್ಬಂಧ ಹಾಕುವುದುಂಟು. ಕುಯ್ಲು ಮುಗಿದು ಮಳೆ ಹಿಡಿಯುವ ನಡುವಿನ ಏಪ್ರಿಲ್–ಮೇ ಸಾಮಾನು ಸಾಗಿಸಲು ಒಳ್ಳೆಯ ಕಾಲ.

ಪ್ರವಾಸದ ತಿಂಗಳನ್ನೂ ಇದೇ ಪಂಚಾಂಗ ನೋಡಿ ಆರಿಸಿದೆವು. ಕುಯ್ಲಿನ ನಡುವೆ ಮನೆ ಬಿಟ್ಟು ಹೋಗಬಾರದೆಂದು ಮಾವನವರು ಹೇಳಿದ್ದರು, ಅದು ನ್ಯಾಯವಾದ ಮಾತು. ಮಾರ್ಚ್ ಕೊನೆಗೆ ಕಣದ ಕೆಲಸ ಮುಗಿದಿರುತ್ತದೆ. ಕ್ರಿಸ್‌ಮಸ್ ಸಮಯದ ಟಿಕೆಟ್ ದರವೂ ಆಗ ಇರುವುದಿಲ್ಲ. ಧ್ರುವಪ್ರಭೆಗೂ ಅದು ಒಳ್ಳೆಯ ತಿಂಗಳು. ಹಗಲು–ರಾತ್ರಿ ಸಮನಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ, ಧ್ರುವಪ್ರಭೆ ಎಬ್ಬಿಸುವ ಭೂಕಾಂತೀಯ ಚಟುವಟಿಕೆ ಸರಾಸರಿಗಿಂತ ಹೆಚ್ಚಿರುತ್ತದೆ. ಸೂರ್ಯ ತನ್ನ ಸುಮಾರು 11 ವರ್ಷದ ಚಕ್ರದ ಗರಿಷ್ಠ ಹಂತ ತಲುಪಿದೆ ಎಂದು ನಾಸಾ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತ್ತು. ಮಾರ್ಚ್‌ನಲ್ಲಿ ಟ್ರೊಮ್ಸೋದಲ್ಲಿ ಇನ್ನೂ ಹಿಮವಿರುತ್ತದೆ. ಹೆರಿಂಗ್ ಮೀನಿನ ಬೆನ್ನು ಹತ್ತಿ ಬರುವ ಆರ್ಕಾ ಮತ್ತು ಹಂಪ್‌ಬ್ಯಾಕ್ ತಿಮಿಂಗಿಲ ನೋಡಲೇಬೇಕೆಂದರೆ ಮಾತ್ರ ನವೆಂಬರ್‌ನಿಂದ ಜನವರಿಯೊಳಗೆ ಹೋಗಬೇಕು.

ಖರ್ಚಿನ ವಿಷಯಕ್ಕೆ ಬರೋಣ. ನಾರ್ವೆಗೆ ಬೇಕಾದ ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ ತಲೆಗೆ 90 ಯೂರೊ. ಕನಿಷ್ಠ 30,000 ಯೂರೊ ವೈದ್ಯಕೀಯ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡರೆ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತಾರೆ. ನಾವು ಹೋದ ಆರ್ಥಿಕ ವರ್ಷದಲ್ಲಿ ಅದು 7 ಲಕ್ಷದವರೆಗೆ ಶೇ 5 ಇತ್ತು. ದರ ಬದಲಾಗುತ್ತಿರುತ್ತದೆ, ಕೊಳ್ಳುವ ದಿನ ವಿಚಾರಿಸಿ. ಆ ಹಣ ಆದಾಯ ತೆರಿಗೆ ರಿಟರ್ನ್‌ನಲ್ಲಿ ನಮ್ಮ ಲೆಕ್ಕಕ್ಕೆ ಬರುತ್ತದೆ. ನಾವು ಟಿಕೆಟ್, ವಸತಿಗಳನ್ನು ಬಿಡಿಬಿಡಿಯಾಗಿ ಕೊಂಡೆವು. ಅಲ್ಲಿ ಕಾರ್ಡ್ ಉಜ್ಜುವಾಗ 'ರೂಪಾಯಿಯಲ್ಲಿ ಕೊಡುತ್ತೀರಾ' ಎಂದು ಯಂತ್ರ ಕೇಳಿದರೆ ಬೇಡವೆಂದು ಕ್ರೋನ್‌ನಲ್ಲೇ ಕೊಡಿ, ಇಲ್ಲದಿದ್ದರೆ ವಿನಿಮಯ ದರದಲ್ಲಿ ಕಳೆದುಕೊಳ್ಳುತ್ತೀರಿ. ಹೋಟೆಲ್ ಊಟ ತೀರಾ ದುಬಾರಿ. ಅಡುಗೆಮನೆಯಿರುವ ಪುಟ್ಟ ಮನೆ ಹಿಡಿದು, ಒಯ್ದ ಅಕ್ಕಿ ತರಿಯಲ್ಲಿ ಕಡಂಬುಟ್ಟು ಬೇಯಿಸಿಕೊಂಡೆವು. ಮಾಂಸ, ಹಾಲಿನ ಪದಾರ್ಥ ಇಲ್ಲಿಂದ ಒಯ್ಯುವಂತಿಲ್ಲ, ಪಂದಿ ಕರಿ ಮನೆಯಲ್ಲೇ ಉಳಿಯಬೇಕು. ಎಲ್ಲ ಸೇರಿ ಖರ್ಚು ಆರ್‌ಡಿಯ ಹಣದೊಳಗೇ ಮುಗಿಯಿತು.

ಧ್ರುವಪ್ರಭೆಗೆ ದೊಡ್ಡ ಶತ್ರು ಮೋಡ. ಹಾಗಾಗಿ ಐಷಾರಾಮಿ ಕೋಣೆಗೆ ಕೊಡುವ ಹಣದಲ್ಲಿ ಹೆಚ್ಚು ರಾತ್ರಿ ಉಳಿಯುವುದು ಜಾಣತನ. ನಮಗೂ ಮೊದಲು ಮೋಡವೇ ಸಿಕ್ಕಿತು. ಆಮೇಲೆ ಬಸ್ಸಿನ ಪ್ರವಾಸದಲ್ಲಿ ಒಣಹವೆಯ ಶಿಬೋಟ್ನ್ ಕಣಿವೆಯ ಕಡೆಗೆ ಹೋದಾಗ ಆಕಾಶ ತೆರೆಯಿತು. ನೂರು ಕಿಲೋಮೀಟರಿಗೂ ಎತ್ತರದಲ್ಲಿ ಸೂರ್ಯನ ಕಣಗಳು ಆಮ್ಲಜನಕಕ್ಕೆ ಬಡಿದು ಎಬ್ಬಿಸುವ ಹಸಿರು ಬೆಳಕು ಬೆಟ್ಟದಿಂದ ಬೆಟ್ಟಕ್ಕೆ ಹರಿಯಿತು, ಮೇಲ್ತುದಿಗೆ ಕೆಂಪು ಅಂಚು. ನನ್ನ ಯಜಮಾನರ ಕಣ್ಣಲ್ಲಿ ನೀರಿತ್ತು, ನನಗೂ ಮಾತು ಹೊರಡಲಿಲ್ಲ. ಇನ್ನೊಂದು ರಾತ್ರಿ ಊರೊಳಗಿನ ಪ್ರೆಸ್ಟ್‌ವಾನೆಟ್ ಕೆರೆಯ ದಡದಲ್ಲಿ, ಒಂದು ಕಾಸೂ ಕೊಡದೆ ಮತ್ತೆ ಕಂಡೆವು. ಹಗಲಲ್ಲಿ ಸಾಮಿ ಜನರ ಹಿಮಸಾರಂಗದ ಹಿಂಡು, ಕಡಲ ಮೇಲೆ ಬಿಳಿಬಾಲದ ಹದ್ದುಗಳು. ಆನೆಯ ಹೆಜ್ಜೆ ನೋಡಿ ಬೆಳಗು ಆರಂಭಿಸುವ ಊರಿನವರಾದ ನಮಗೂ ಅದು ಹೊಸ ಲೋಕ.

ಅಷ್ಟು ದೂರ ಎಲ್ಲರೂ ಹೋಗಬೇಕಾಗಿಲ್ಲ. 2024ರ ಮೇ 10–11ರ ಪ್ರಬಲ ಸೌರ ಬಿರುಗಾಳಿಯಲ್ಲಿ ಲಡಾಖ್‌ನ ಹಾನ್ಲೆಯ ಆಕಾಶವೂ ಕೆಂಪಾಗಿತ್ತು. ಅಲ್ಲಿ ಅದು ಅಪರೂಪ, ಆದರೆ ನಕ್ಷತ್ರ ತುಂಬಿದ ರಾತ್ರಿಯಂತೂ ಸಿಗುತ್ತದೆ. ನಿಮ್ಮ ಆಸೆ ಹಾನ್ಲೆಯಾಗಿರಲಿ, ನಾಗರಹೊಳೆಯಾಗಿರಲಿ, ಅದಕ್ಕೊಂದು ಪ್ರತ್ಯೇಕ ಖಾತೆ ಇರಲಿ.

ಈ ತಿಂಗಳೇ ಒಂದು ಆರ್‌ಡಿ ತೆರೆಯಿರಿ, ಸಾವಿರ ರೂಪಾಯಿಯದಾದರೂ ಸರಿ. ಮನೆ ಬದಲಿಸುವ ಯೋಚನೆಯಿದ್ದರೆ ಅಂದಾಜಿನ ಒಂದೂವರೆ ಪಟ್ಟು ಹಣ ಬೇರೆ ಇಡಿ, ಹಿಂತಿರುಗಬೇಕಾದ ಅಡ್ವಾನ್ಸನ್ನು ಬರುವ ಹಣವೆಂದು ಲೆಕ್ಕಕ್ಕೆ ಹಿಡಿಯಬೇಡಿ. ಒಂದು ಖಾತೆಗೆ ಬಿದ್ದ ಪೆಟ್ಟನ್ನು ಇನ್ನೊಂದರ ಹಣದಿಂದ ತುಂಬಬೇಡಿ.