ಶೀತಕ್ಕೆ ನೀಲಗಿರಿ ಎಣ್ಣೆ ಸರಿ, ಪುಚ್ಚೆಗೆ?

ಜೂನ್ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಮ್ಮ ಮನೆಗಳಲ್ಲಿ ನೀಲಗಿರಿ ಎಣ್ಣೆ, ಕರ್ಪೂರ, ನೋವಿನ ಬಾಮುಗಳದ್ದೇ ಪರಿಮಳ. ಮಳೆಗೆ ಕಿಟಕಿ ಹಾಕಿರ್ತೇವೆ. ಶೀತ ಆದವರು ಕರ್ಚೀಫಿಗೆ ನಾಲ್ಕು ಹನಿ ಹಾಕಿ ಮಲಗ್ತಾರೆ. ಅದೇ ಹಾಸಿಗೆಯ ಬುಡದಲ್ಲಿ ಪುಚ್ಚೆಯೂ ಮುದುಡಿ ಮಲಗಿರ್ತದೆ. ಅಟ್ಟದ ಭತ್ತ, ತೆಂಗಿನಕಾಯಿಯನ್ನು ಇಲಿಯಿಂದ ಕಾಯುವುದು ಅದರ ಕೆಲಸ. ಅದನ್ನು ನಮ್ಮ ಎಣ್ಣೆ ಬಾಟಲಿಯಿಂದ ಕಾಯುವುದು ನಮ್ಮ ಕೆಲಸ.

ಕಾರಣ ಯಕೃತ್ತಿನಲ್ಲಿದೆ

ಈ ಎಣ್ಣೆಗಳ ಪರಿಮಳ ಅಂದರೆ ಟರ್ಪೀನ್, ಫೀನಾಲ್ ಮುಂತಾದ ಸಣ್ಣ ಅಣುಗಳು. ಚರ್ಮ, ಉಸಿರು, ಬಾಯಿ ಮೂರೂ ದಾರಿಯಿಂದ ಇವು ರಕ್ತ ಸೇರ್ತವೆ. ನಮ್ಮ ಯಕೃತ್ತು ಇಂಥ ಅನೇಕ ಅಣುಗಳಿಗೆ ಗ್ಲೂಕುರಾನಿಕ್ ಆಮ್ಲ ಅಂಟಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರದಲ್ಲಿ ಹೊರಹಾಕ್ತದೆ. ಈ ಕೆಲಸದ ಒಂದು ಮುಖ್ಯ ಕಿಣ್ವದ ಜೀನ್ (ಯುಜಿಟಿ1ಎ6) ಬೆಕ್ಕಿನಲ್ಲಿ ಕೆಲಸ ಮಾಡುವುದಿಲ್ಲ. ಹುಲಿ, ಸಿಂಹಗಳಲ್ಲೂ ಹಾಗೆಯೇ. ಒಂದೇ ಒಂದು ಪ್ಯಾರಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು ಎನ್ನುವುದಕ್ಕೂ ಮುಖ್ಯ ಕಾರಣ ಇದೇ ಕೊರತೆ.

ಈಗ ಸಣ್ಣ ಲೆಕ್ಕ. ನಮ್ಮ ತೂಕ 60 ಕೆಜಿ, ಬೆಕ್ಕಿನದ್ದು 4 ಕೆಜಿ ಅಂತಿಟ್ಟುಕೊಳ್ಳಿ. ಅದೇ ಒಂದು ಹನಿ ಬೆಕ್ಕಿಗೆ ಕೆಜಿಗೆ 15 ಪಟ್ಟು ಹೆಚ್ಚು. ಅದರ ಮೇಲೆ, ಹೊರಹೋಗುವುದು ನಿಧಾನ. ಹಾಗಾಗಿ ದಿನಾ ಸ್ವಲ್ಪ ಸ್ವಲ್ಪ ಒಳಹೋದರೂ ಒಟ್ಟು ಸೇರ್ತಾ ಹೋಗ್ತದೆ.

ಎಲ್ಲಿ ತಪ್ಪುತ್ತೇವೆ?

ಚಿಗಟ ಆಗಿದೆ ಅಂತ ಪ್ರೀತಿಯಿಂದಲೇ ಬೆಕ್ಕಿನ ಮೈಗೆ ನೀಲಗಿರಿ ಎಣ್ಣೆಯನ್ನೋ ಕರ್ಪೂರ ಹಾಕಿದ ತೆಂಗಿನೆಣ್ಣೆಯನ್ನೋ ಹಚ್ಚುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಟೀ ಟ್ರೀ ಎಣ್ಣೆ, ಲವಂಗದೆಣ್ಣೆಯೂ ಬೇಡ. ಬಾಮು ಹಚ್ಚಿದ ಕೈಯಲ್ಲಿ ಮುದ್ದು ಮಾಡುವುದೂ ಬೇಡ. ನೋವಿನ ಬಾಮಿನಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್‌ನ ಸಂಬಂಧಿ. ಅಲ್ಟ್ರಾಸಾನಿಕ್ ಡಿಫ್ಯೂಸರ್ ಹಬೆಯ ಜೊತೆ ಎಣ್ಣೆಯ ಸೂಕ್ಷ್ಮ ಹನಿಗಳನ್ನೂ ಹಾರಿಸ್ತದೆ. ಅವು ರೋಮದ ಮೇಲೆ ಕೂರ್ತವೆ, ಬೆಕ್ಕು ಮೈ ನೆಕ್ಕುವಾಗ ಹೊಟ್ಟೆ ಸೇರ್ತವೆ. "ನೈಸರ್ಗಿಕ ಅಲ್ವಾ?" ಅಂತ ಕೇಳಬಹುದು. ನಮ್ಮ ಗುಡ್ಡದ ಕಾಸರಕನ ಕಾಯಿಯೂ ನೈಸರ್ಗಿಕವೇ.

ಏನು ಮಾಡೋಣ?

1. ಬಾಟಲಿ ಕಪಾಟಿನೊಳಗೆ ಇರಲಿ. ಬೆಕ್ಕು ಹತ್ತುವ ಕಿಟಕಿಯ ದಂಡೆಯ ಮೇಲೆ ಬೇಡ.
2. ಹಬೆ ತೆಗೆದುಕೊಳ್ಳುವ ಕೋಣೆಯಿಂದ ಬೆಕ್ಕನ್ನು ಹೊರಗಿಡಿ. ಆಮೇಲೆ ಕಿಟಕಿ ತೆರೆದು ಗಾಳಿ ಆಡಿಸಿ.
3. ಬಾಮು, ಎಣ್ಣೆ ಮುಟ್ಟಿದ ಕೈ ಸೋಪಿನಲ್ಲಿ ತೊಳೆಯಿರಿ.
4. ಚಿಗಟಕ್ಕೆ ಪಶುವೈದ್ಯರು ಬೆಕ್ಕಿಗೆಂದೇ ಕೊಟ್ಟ ಔಷಧ ಮಾತ್ರ. ನಾಯಿಯ ಔಷಧ ಬೇಡವೇ ಬೇಡ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ಸಾಯಬಹುದು.

ಜೊಲ್ಲು ಸುರಿಯುವುದು, ವಾಂತಿ, ತೂರಾಡುವುದು, ನಡುಕ, ಏದುಸಿರು, ಎಬ್ಬಿಸಿದರೂ ಏಳದಿರುವುದು, ಇವು ಅಪಾಯದ ಲಕ್ಷಣಗಳು. ಕೂಡಲೇ ಶುದ್ಧ ಗಾಳಿಗೆ ತನ್ನಿ. ಮೈಮೇಲೆ ಎಣ್ಣೆ ಇದ್ದು, ಬೆಕ್ಕಿಗೆ ಎಚ್ಚರ ಇದ್ದರೆ, ಪಾತ್ರೆ ತೊಳೆಯುವ ದ್ರವವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಬೆರೆಸಿ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿ. ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಹೋಗ್ತದೆ. ಹಾಲನ್ನೂ ಕುಡಿಸಬೇಡಿ.

ಮತ್ತೆ ಕಾಯುವುದು ಬೇಡ, ಪಶುವೈದ್ಯರಲ್ಲಿಗೆ ಹೊರಡಿ. ಒಳಊರುಗಳಿಂದ ಪೇಟೆಗೆ ಮಳೆಯಲ್ಲಿ ಹೋಗಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಮೊದಲು ಫೋನ್ ಮಾಡಿ. ಎಣ್ಣೆಯ ಬಾಟಲಿಯನ್ನೂ ಒಯ್ಯಿರಿ, ಒಳಗೆ ಏನಿತ್ತು ಅಂತ ವೈದ್ಯರಿಗೆ ಗೊತ್ತಾಗಬೇಕು. ವೈದ್ಯರ ನಂಬರು ಇವತ್ತೇ ಬರೆದು ಗೋಡೆಗೆ ಅಂಟಿಸಿಡಿ.